ಐಸ್ ಹಾಕಿ ಲಾಕೌಟ್ ಸುದ್ದಿಯನ್ನು ಓದುವುದು ಹೇಗೆ?

ಹಾಕಿ ಅಂದ ಕೂಡಲೇ ನಮಗೆ ಕೊಡಗಿನ ಮೈದಾನ ನೆನಪಾಗುತ್ತದೆ. ಅಮೆರಿಕ, ಕೆನಡಾದಲ್ಲಿ ಹಾಕಿ ಅಂದರೆ ಮಂಜುಗಡ್ಡೆಯ ಮೇಲಿನ ಆಟ. ಅದರ ದೊಡ್ಡ ಲೀಗ್ ಎನ್‌ಎಚ್‌ಎಲ್. 1994, 2004, 2012ರಲ್ಲಿ, ಒಟ್ಟು ಮೂರು ಸಲ ಈ ಲೀಗಿನ ಮಾಲೀಕರು ಆಟವನ್ನೇ ನಿಲ್ಲಿಸಿ ಕೂತರು. ಕೋಟಿ ಕೋಟಿ ದುಡಿಯುವವರ ಜಗಳ ನಮಗ್ಯಾಕೆ ಅಂತ ಪುಟ ತಿರುಗಿಸಬೇಡಿ. ದುಡ್ಡು ಹಂಚಿಕೊಳ್ಳುವ ಜಗಳ ಹೇಗೆ ನಡೆಯುತ್ತದೆ, ಖಾಲಿ ಕುರ್ಚಿಗೂ ಅದಕ್ಕೂ ಏನು ನಂಟು ಎಂಬುದು ಇಲ್ಲಿ ಕಾಣುವಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ಮೊದಲು, ಬಾಗಿಲು ಹಾಕಿದ್ದು ಯಾರು ನೋಡಿ

ಆಟಗಾರರು ತಾವಾಗಿ ಆಡುವುದಿಲ್ಲ ಎಂದರೆ ಅದು ಮುಷ್ಕರ. ಒಪ್ಪಂದ ಆಗುವ ತನಕ ಆಟವೂ ಇಲ್ಲ, ಸಂಬಳವೂ ಇಲ್ಲ ಎಂದು ಮಾಲೀಕರು ಹೇಳಿದರೆ ಲಾಕೌಟ್. ತಿಂಗಳು ನೋಡಿದರೂ ಅರ್ಧ ಗೊತ್ತಾಗುತ್ತದೆ. ಆಟಗಾರರಿಗೆ ಸಂಬಳ ಬರುವುದು ಲೀಗ್ ಪಂದ್ಯಗಳ ತಿಂಗಳುಗಳಲ್ಲಿ. ಮಾಲೀಕರಿಗೆ ಒಳ್ಳೆ ಕಾಸು ಬರುವುದು ಕೊನೆಯ ಪ್ಲೇಆಫ್ ಪಂದ್ಯಗಳಲ್ಲಿ. ಹಾಗಾಗಿ 1992ರಲ್ಲಿ ಆಟಗಾರರು ಮುಷ್ಕರಕ್ಕೆ ಪ್ಲೇಆಫ್ ಹತ್ತಿರವಾಗುವ ಏಪ್ರಿಲ್ ತಿಂಗಳನ್ನೇ ಆರಿಸಿಕೊಂಡರು. ಹತ್ತೇ ದಿನದಲ್ಲಿ ಮಾತುಕತೆ ಮುಗಿಯಿತು. ಮಾಲೀಕರು ಬೀಗ ಹಾಕಿದ ಮೂರೂ ಸಲ ಸೀಸನ್ ಇನ್ನೂ ಶುರುವಾಗಿರಲಿಲ್ಲ.

ಆಮೇಲೆ, ನೂರು ರೂಪಾಯಿಯ ಲೆಕ್ಕ ಹಾಕಿ

ಲೀಗಿಗೆ ಬರುವ ಪ್ರತಿ ನೂರರಲ್ಲಿ ಆಟಗಾರರ ಪಾಲು ಎಷ್ಟು? ಪ್ರತಿ ಲಾಕೌಟಿನ ಸುದ್ದಿಯಲ್ಲೂ ಮೊದಲು ಹುಡುಕಬೇಕಾದ ಅಂಕಿ ಇದು. 2012ಕ್ಕೆ ಮುಂಚೆ 57 ಇತ್ತು. ಜನವರಿ 2013ರಲ್ಲಿ ಬೀಗ ತೆಗೆದಾಗ 50ಕ್ಕೆ ಇಳಿದಿತ್ತು. ಆ ವರ್ಷ ಪ್ರತಿ ತಂಡ 82ರ ಬದಲು 48 ಪಂದ್ಯಗಳನ್ನಷ್ಟೇ ಆಡಿತು.

2004ರದ್ದು ಇನ್ನೂ ದೊಡ್ಡ ಪೆಟ್ಟು. ಸಂಬಳಕ್ಕೆ ಮಿತಿ ಬೇಕೇ ಬೇಕು ಎಂದು ಲೀಗಿನ ಮುಖ್ಯಸ್ಥ, ಅಂದರೆ ಕಮಿಷನರ್ ಗ್ಯಾರಿ ಬೆಟ್‌ಮನ್ ಪಟ್ಟು ಹಿಡಿದರು. ಆಟಗಾರರ ಸಂಘದ ಬಾಬ್ ಗುಡ್‌ನೌ ಬಗ್ಗಲಿಲ್ಲ. 2005ರ ಫೆಬ್ರವರಿ 16ರಂದು ಇಡೀ ಸೀಸನ್ ರದ್ದಾಯಿತು. 1,230 ಪಂದ್ಯಗಳು ಹೋದವು. ಗೆದ್ದ ತಂಡದ ಹೆಸರನ್ನು ವರ್ಷವರ್ಷವೂ ಸ್ಟ್ಯಾನ್ಲಿ ಕಪ್ ಮೇಲೆ ಕೊರೆಯುತ್ತಾರೆ. ಅದರ ಬೆಳ್ಳಿ ಪಟ್ಟಿಯಲ್ಲಿ ಆ ವರ್ಷದ ಜಾಗದಲ್ಲಿ ತಂಡವೂ ಇಲ್ಲ, ಆಟಗಾರರ ಹೆಸರೂ ಇಲ್ಲ. '2004-05ರ ಸೀಸನ್ ಆಡಲಿಲ್ಲ' ಎಂಬ ಅರ್ಥದ ಒಂದೇ ಸಾಲು. ಈ ಆಟವನ್ನು ಪ್ರೀತಿಸುವ ಯಾರಿಗೇ ಆಗಲಿ, ಅದನ್ನು ಓದಿದರೆ ಹೊಟ್ಟೆ ಚುರ್ ಅನ್ನುತ್ತದೆ.

ಕೊನೆಗೆ ಆಟಗಾರರೇ ಸೋತರು. ಇದ್ದ ಕರಾರುಗಳ ಸಂಬಳದಲ್ಲಿ ಶೇ 24 ಕಡಿತ. ಒಂದು ತಂಡದ ಒಟ್ಟು ಸಂಬಳಕ್ಕೆ 3.9 ಕೋಟಿ ಡಾಲರ್ ಮಿತಿ.

ಮಿತಿಯ ಜೊತೆ ಕನಿಷ್ಠವನ್ನೂ ನೋಡಿ

ಇದನ್ನು ಜಾಸ್ತಿ ಜನ ಗಮನಿಸುವುದಿಲ್ಲ. ಇಷ್ಟಕ್ಕಿಂತ ಹೆಚ್ಚು ಖರ್ಚು ಮಾಡಬಾರದು ಎಂಬ ಮಿತಿ ಇರುವ ಹಾಗೆ, ಇಷ್ಟಾದರೂ ಮಾಡಲೇಬೇಕು ಎಂಬ ಕನಿಷ್ಠವೂ ಇದೆ. ಎರಡೂ ನಿಂತಿರುವುದು ಇಡೀ ಲೀಗಿನ ಆದಾಯದ ಮೇಲೆ. ಟೊರಾಂಟೊ, ನ್ಯೂಯಾರ್ಕ್ ತಂಡಗಳ ಗಲ್ಲಾ ತುಂಬಿದಷ್ಟೂ ಎರಡೂ ಮೇಲೇರುತ್ತವೆ. 2025-26ರಲ್ಲಿ ಮಿತಿ 9.55 ಕೋಟಿ ಡಾಲರ್, ಕನಿಷ್ಠ 7.06 ಕೋಟಿ. ಅಂದರೆ ಆ ಕನಿಷ್ಠವೇ 2005ರ ಮಿತಿಗಿಂತ ಎಷ್ಟೋ ಜಾಸ್ತಿ! ಟಿಕೆಟ್ ಮಾರಲು ಒದ್ದಾಡುವ ಊರಿನ ತಂಡವೂ ಅಷ್ಟು ಸುರಿಯಲೇಬೇಕು. ಅದಕ್ಕೇ ಶ್ರೀಮಂತ ತಂಡಗಳು ಬಡ ತಂಡಗಳಿಗೆ ಒಂದು ಪಾಲು ಕೊಡುವ ಏರ್ಪಾಡು ಮಾಡಿದ್ದಾರೆ. ಆ ಪಾಲು ಎಷ್ಟಿರಬೇಕು ಎಂಬುದು ಮಾಲೀಕರ ನಡುವಿನ ಜಗಳ. ಹೊರಗೆ ಮಾತ್ರ ಅದು 'ಆಟಗಾರರ ಆಸೆ ಜಾಸ್ತಿಯಾಯಿತು' ಎಂಬ ಹಾಗೆ ಕೇಳಿಸುತ್ತದೆ. ನನ್ನ ಮಟ್ಟಿಗೆ ಇದು ನ್ಯಾಯವಲ್ಲ.

ಪ್ರೇಕ್ಷಕರ ಸಂಖ್ಯೆಯನ್ನು ಸುಮ್ನೆ ನಂಬಬೇಡಿ

ತಂಡಗಳು ಪ್ರಕಟಿಸುವ ಅಂಕಿ ಸಾಮಾನ್ಯವಾಗಿ ಹಂಚಿದ ಟಿಕೆಟ್‌ಗಳದ್ದು. ಕುರ್ಚಿಯಲ್ಲಿ ಕೂತವರ ತಲೆ ಎಣಿಸಿದ್ದಲ್ಲ. ಶೇಕಡಾ ಲೆಕ್ಕವೂ ಮೋಸ ಮಾಡಬಹುದು. ಅರಿಜೋನಾದ ಕಯೋಟೀಸ್ ತಂಡವನ್ನೇ ತಗೊಳ್ಳಿ. 1996ರಲ್ಲಿ ವಿನಿಪೆಗ್‌ನಿಂದ ಮರುಭೂಮಿಯ ಫೀನಿಕ್ಸ್‌ಗೆ ಬಂದ ತಂಡ ಇದು. 2009ರಲ್ಲಿ ದಿವಾಳಿ ಅರ್ಜಿ ಹಾಕಿತು. ಲೀಗೇ ಕೊಂಡುಕೊಂಡು ಕೆಲವು ವರ್ಷ ನಡೆಸಿತು. 2022ರಲ್ಲಿ ಗ್ಲೆಂಡೇಲ್‌ನ ದೊಡ್ಡ ಅರೀನಾ ಬಿಡಬೇಕಾಗಿ ಬಂದು, ಒಂದು ವಿಶ್ವವಿದ್ಯಾಲಯದ ಸುಮಾರು 4,600 ಸೀಟಿನ ಅರೀನಾಕ್ಕೆ ಹೋಯಿತು. ಅಲ್ಲಿ ಹೆಚ್ಚುಕಡಿಮೆ ದಿನವೂ ಹೌಸ್‌ಫುಲ್! ಆದರೆ ಲೀಗಿನಲ್ಲೇ ಅತಿ ಕಡಿಮೆ ಜನ. 2024ರಲ್ಲಿ ಆಟಗಾರರೆಲ್ಲ ಯೂಟಾ ರಾಜ್ಯಕ್ಕೆ ಗಂಟುಮೂಟೆ ಕಟ್ಟಿದರು.

ಅಂಕಿ ಇಳಿದಾಗ ಕಾರಣವನ್ನೂ ಕೇಳಿ. ಊರಿಗೆ ಆಟ ಬೇಡವಾಗಿದೆಯೋ, ತಂಡ ಬರೀ ಸೋಲುತ್ತಿದೆಯೋ? ಪಿಟ್ಸ್‌ಬರ್ಗ್ 2003-04ರಲ್ಲಿ ಜನರಿಲ್ಲದೆ ಲೀಗಿನ ಕೊನೆಯಲ್ಲಿತ್ತು. ಲಾಕೌಟಿನಿಂದ ಪಂದ್ಯಗಳೇ ನಡೆಯದೆ, ಮುಂದಿನ ಹೊಸ ಆಟಗಾರರ ಆಯ್ಕೆಗೆ ಎಲ್ಲ 30 ತಂಡಗಳ ನಡುವೆ ಲಾಟರಿ ಎತ್ತಿದರು. ಮೊದಲ ಅವಕಾಶ ಪಿಟ್ಸ್‌ಬರ್ಗ್‌ಗೆ ಬಂತು, ಮುಂದೆ ದೊಡ್ಡ ತಾರೆಯಾದ ಸಿಡ್ನಿ ಕ್ರಾಸ್ಬಿ ಸಿಕ್ಕಿದರು. 2007ರಿಂದ 2021ರ ತನಕ ಅಲ್ಲಿ 633 ಪಂದ್ಯಗಳ ಟಿಕೆಟ್ ಸತತವಾಗಿ ಪೂರ್ತಿ ಮಾರಾಟವಾದವು.

ಮಾತುಕತೆಯ ಮೇಜಿನಲ್ಲಿ ಯಾರಿಲ್ಲ ಅಂತ ಹುಡುಕಿ

ಲಾಕೌಟ್ ಆದಾಗ ನೂರಾರು ಆಟಗಾರರು ಯುರೋಪಿಗೆ ಹೋಗಿ ಆಡಿದರು. ಜೋ ಥಾರ್ನ್‌ಟನ್ ಸ್ವಿಟ್ಜರ್ಲೆಂಡಿನ ದಾವೋಸ್ ತಂಡಕ್ಕೆ ಆಡಿದರು. ಮಾಲೀಕರಿಗೆ ಬೇರೆ ವ್ಯಾಪಾರಗಳಿದ್ದವು. ಟಿಕೆಟ್ ಹರಿಯುವವರು, ಪಾಪ್‌ಕಾರ್ನ್ ಮಾರುವವರು, ಪಾರ್ಕಿಂಗ್‌ನಲ್ಲಿ ನಿಲ್ಲುವವರು ಎಲ್ಲಿಗೆ ಹೋಗಬೇಕು? 82 ಪಂದ್ಯಗಳ ಸೀಸನ್‌ನಲ್ಲಿ ಒಂದು ತಂಡ ತನ್ನೂರಿನಲ್ಲಿ ಆಡುತ್ತಿದ್ದುದು ವರ್ಷಕ್ಕೆ 41 ಲೀಗ್ ಪಂದ್ಯ. ಇವರಿಗೆ ಕೂಲಿ ಸಿಗುವುದು ಪಂದ್ಯ ಇದ್ದ ರಾತ್ರಿ ಮಾತ್ರ. ಪಕ್ಕದ ಹೋಟೆಲಿನವರ ಕಥೆಯೂ ಇದೇ. ಇವರ ಬಗ್ಗೆ ಒಂದು ಸಾಲೂ ಇಲ್ಲದ ಲಾಕೌಟ್ ವರದಿ ಅರ್ಧ ವರದಿ ಅಂತಲೇ ನಾನು ಹೇಳುತ್ತೇನೆ. 2005ರಲ್ಲಿ ಆಟ ಮತ್ತೆ ಶುರುವಾದಾಗ ಮಂಜುಗಡ್ಡೆಯ ಮೇಲೆ ಅಭಿಮಾನಿಗಳಿಗೆ ಧನ್ಯವಾದ ಅಂತ ದೊಡ್ಡದಾಗಿ ಬರೆದಿದ್ದರು. ಜನ ವಾಪಸ್ ಬಂದರು, ಮೊದಲಿಗಿಂತ ಜಾಸ್ತಿಯೇ ಬಂದರು. ಪಾಪ್‌ಕಾರ್ನ್ ಮಾರುವವರ ಆ ಒಂದು ವರ್ಷದ ಕೂಲಿ ವಾಪಸ್ ಬರಲಿಲ್ಲ.

ತಾರೀಖು ಬರೆದಿಟ್ಟುಕೊಳ್ಳಿ

ಈ ಸಲ ಎರಡೂ ಕಡೆಯವರು ಹಳೆ ಒಪ್ಪಂದ ಮುಗಿಯಲು ವರ್ಷಕ್ಕೂ ಹೆಚ್ಚು ಸಮಯ ಇರುವಾಗಲೇ, 2025ರ ಜುಲೈನಲ್ಲಿ, ಹೊಸದಕ್ಕೆ ಒಪ್ಪಿದ್ದಾರೆ. ಅದು 2026ರ ಸೆಪ್ಟೆಂಬರ್‌ನಿಂದ ಜಾರಿ. ಪ್ರತಿ ತಂಡಕ್ಕೆ 84 ಪಂದ್ಯ. ಮುಗಿಯುವುದು 2030ರ ಸೆಪ್ಟೆಂಬರ್ 15ಕ್ಕೆ.