ಮೂರು ತರಗತಿ, ಒಬ್ಬರೇ ಟೀಚರ್: ಹೋಮ್‌ಸ್ಕೂಲಿಂಗ್ ವೇಳಾಪಟ್ಟಿ ಹಾಕುವುದು ಹೀಗೆ

ಮಕ್ಕಳನ್ನು ಮನೆಯಲ್ಲೇ ಓದಿಸಲು ಹೊರಟವರು ಮೊದಲ ವಾರ ಸಾಮಾನ್ಯವಾಗಿ ಮಾಡುವ ತಪ್ಪು ಒಂದೇ. ಶಾಲೆಯ ಟೈಮ್‌ಟೇಬಲನ್ನೇ ತಂದು ಗೋಡೆಗೆ ಅಂಟಿಸುತ್ತಾರೆ. ಮೂವರು ಮಕ್ಕಳು, ತಲಾ ಆರು ಪೀರಿಯಡ್, ಪೀರಿಯಡ್‌ಗೆ 40 ನಿಮಿಷ ಎಂದರೆ 720 ನಿಮಿಷ. ದಿನಕ್ಕೆ 12 ಗಂಟೆ! ನಡುವೆ ಅನ್ನಕ್ಕಿಡಬೇಕು, ಬಟ್ಟೆ ಒಣಹಾಕಬೇಕು, ಗ್ಯಾಸ್‌ ಸಿಲಿಂಡರ್‌ನವರು ಬಂದರೆ ಬಾಗಿಲು ತೆಗೆಯಬೇಕು. ಮೂರನೇ ದಿನಕ್ಕೆ ಆ ಹಾಳೆ ಗೋಡೆಯ ಮೇಲಿದ್ದರೂ ಲೆಕ್ಕಕ್ಕಿಲ್ಲ.

ಒಬ್ಬರೇ ಟೀಚರ್, ಹಲವು ತರಗತಿ ಎಂಬ ಪೇಚು ನಮ್ಮ ಏಕೋಪಾಧ್ಯಾಯ ಶಾಲೆಗಳಿಗೆ ದಿನದ ಪಾಡು. ಅದಕ್ಕೆ ನಮ್ಮಲ್ಲೇ ಹುಡುಕಿಕೊಂಡ ದಾರಿಯೂ ಇದೆ. ಆಂಧ್ರಪ್ರದೇಶದ ರಿಷಿ ವ್ಯಾಲಿ ಶಿಕ್ಷಣ ಸಂಸ್ಥೆಯ ಪದ್ಧತಿಯನ್ನು ಮಾದರಿಯಾಗಿಟ್ಟುಕೊಂಡು 1995ರಲ್ಲಿ ಎಚ್‌.ಡಿ. ಕೋಟೆ ತಾಲ್ಲೂಕಿನ ಸರ್ಕಾರಿ ಶಾಲೆಗಳಲ್ಲಿ ಶುರುವಾದ ‘ನಲಿ-ಕಲಿ’ಯಲ್ಲಿ ಮಕ್ಕಳನ್ನು ತರಗತಿವಾರು ಕೂರಿಸುವುದಿಲ್ಲ. ಯಾರಿಗೆ ಎಷ್ಟು ನೆರವು ಬೇಕು ಎಂದು ನೋಡಿ ಐದು ಗುಂಪು ಮಾಡುತ್ತಾರೆ. ಪೂರ್ತಿ ಶಿಕ್ಷಕರ ನೆರವು ಬೇಕಾದವರು ಒಂದು ತುದಿಗೆ, ತಾವೇ ಕಲಿಯುವವರು ಇನ್ನೊಂದು ತುದಿಗೆ. ಮನೆಯ ವೇಳಾಪಟ್ಟಿಗೂ ಇದೇ ಅಡಿಪಾಯ. ಹಂಚಬೇಕಾದದ್ದು ವಿಷಯಗಳನ್ನಲ್ಲ, ದೊಡ್ಡವರ ನಿಮಿಷಗಳನ್ನು.

ಮೊದಲು ಲೆಕ್ಕ, ಆಮೇಲೆ ಪಟ್ಟಿ

ಉದಾಹರಣೆಗೆ 13, 9 ಮತ್ತು 5 ವರ್ಷದ ಮೂವರನ್ನು ಇಟ್ಟುಕೊಳ್ಳೋಣ. ಒಬ್ಬೊಬ್ಬರಿಗೂ ಒಂದು ಹಾಳೆ ತೆಗೆದುಕೊಂಡು ದಿನದ ಕೆಲಸಗಳನ್ನೆಲ್ಲ ಬರೆಯಿರಿ. ಪ್ರತಿ ಕೆಲಸದ ಮುಂದೆ ಮೂರರಲ್ಲಿ ಒಂದು ಗುರುತು ಹಾಕಿ: ಪಕ್ಕದಲ್ಲೇ ಕೂರಬೇಕು, ಒಂದು ಕಣ್ಣಿಟ್ಟರೆ ಸಾಕು, ತಾನೇ ಮಾಡಿಕೊಳ್ಳುತ್ತದೆ. ಕಾಪಿ ಬರೆಯುವುದು, ಮಗ್ಗಿ, ಕಲಿತ ಲೆಕ್ಕದ ಅಭ್ಯಾಸ ಮೂರನೆಯದಕ್ಕೆ. ಹೊಸ ಲೆಕ್ಕ, ಉಕ್ತಲೇಖನ, ಅಕ್ಷರ ತಿದ್ದಿಸುವುದು ಮೊದಲನೆಯದಕ್ಕೆ.

ಈಗ ‘ಪಕ್ಕದಲ್ಲೇ ಕೂರಬೇಕು’ ಎಂಬುದನ್ನು ಮಾತ್ರ ಕೂಡಿ.

ದೊಡ್ಡವಳು: ಗಣಿತ 30, ಇಂಗ್ಲಿಷ್‌ ಬರವಣಿಗೆ ತಿದ್ದುವುದು 20, ವಿಜ್ಞಾನ 25, ಇತಿಹಾಸ 20. ಒಟ್ಟು 95 ನಿಮಿಷ.
ನಡುವಿನವನು: ಗಣಿತ 30, ಕನ್ನಡ 25, ಇಂಗ್ಲಿಷ್‌ 20, ಪರಿಸರ ಅಧ್ಯಯನ 25. ಒಟ್ಟು 100.
ಚಿಕ್ಕವನು: ಅಕ್ಷರ 15, ಅಂಕಿ 15, ಕಥೆ 20. ಒಟ್ಟು 50.

ಮೂವರದೂ ಸೇರಿ 245 ನಿಮಿಷ. ಕೈಯಲ್ಲಿರುವುದು ಬೆಳಿಗ್ಗೆ 9.30ರಿಂದ 12.30, ಅದರಲ್ಲಿ ತಿಂಡಿಗೆ 20 ಕಳೆದರೆ 160. ಕೊರತೆ 85 ನಿಮಿಷ. ಬಹಳ ಮನೆಗಳಲ್ಲಿ ಈ ಕೊರತೆಯನ್ನು ಯಾರೂ ಕೂಡಿ ನೋಡಿರುವುದಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದು ಸಿಡುಕಾಗಿ ಹೊರಬರುತ್ತದೆ, ಬೈಸಿಕೊಳ್ಳುವುದು ಮಕ್ಕಳು.

ಕೊರತೆ ತುಂಬುವ ಮೂರು ದಾರಿ

ಎಲ್ಲಕ್ಕಿಂತ ದೊಡ್ಡ ಉಳಿತಾಯ ಒಟ್ಟಿಗೆ ಕೂತು ಕಲಿಯುವುದರಲ್ಲಿದೆ. ವಿಜ್ಞಾನ, ಪರಿಸರ, ಇತಿಹಾಸ, ಕಥೆ ಇವು ಬೇರೆ ಬೇರೆ ಮಾಡಿದರೆ 90 ನಿಮಿಷ, ಒಟ್ಟಿಗೆ ಮಾಡಿದರೆ 35. ಒಂದು ಹುರುಳಿಕಾಳನ್ನು ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು ಮೊಳಕೆ ಬರಿಸಿದರೆ ಚಿಕ್ಕವನು ಅದರ ಚಿತ್ರ ಬರೆಯುತ್ತಾನೆ. ನಡುವಿನವನು ದಿನಾ ಸ್ಕೇಲ್‌ ಹಿಡಿದು ಅಳೆದು ಬರೆದಿಡುತ್ತಾನೆ. ದೊಡ್ಡವಳು ಅದೇ ಅಳತೆಯಿಂದ ಗ್ರಾಫ್‌ ಹಾಕಿ, ಕತ್ತಲಲ್ಲಿಟ್ಟ ಮೊಳಕೆ ಏಕೆ ಬಿಳಿಚಿಕೊಂಡು ಉದ್ದವಾಯಿತು ಎಂದು ಪುಸ್ತಕದಲ್ಲಿ ಹುಡುಕುತ್ತಾಳೆ. ಪಾಠ ಒಂದು, ಕೆಲಸ ಮೂರು. ಆದರೆ ಗಣಿತವನ್ನು ಹೀಗೆ ಒಟ್ಟಿಗೆ ಮಾಡಲು ಹೋಗಬೇಡಿ. ಅದು ಮೆಟ್ಟಿಲಿನ ವಿಷಯ, ಒಬ್ಬೊಬ್ಬರು ಒಂದೊಂದು ಮೆಟ್ಟಿಲ ಮೇಲಿರುತ್ತಾರೆ.

ಈಗ 245ರಲ್ಲಿ 90 ಕಳೆದು 35 ಕೂಡಿದರೆ 190. ಎರಡನೇ ದಾರಿ ದಿನ ಬಿಟ್ಟು ದಿನ: ನಡುವಿನವನ ಕನ್ನಡ ಸೋಮ, ಬುಧ, ಶುಕ್ರ, ಇಂಗ್ಲಿಷ್‌ ಮಂಗಳ, ಗುರು. ಕನ್ನಡದ ದಿನ 20, ಇಂಗ್ಲಿಷ್‌ ದಿನ 25 ನಿಮಿಷ ಉಳಿಯಿತು. ಮೂರನೆಯದು ಮನೆಯಲ್ಲಿರುವ ಇನ್ನೊಬ್ಬ ದೊಡ್ಡವರು. ಬರವಣಿಗೆ ತಿದ್ದುವ 20 ನಿಮಿಷವನ್ನು ಸಂಜೆ ಅಪ್ಪನಿಗೋ ಚಿಕ್ಕಮ್ಮನಿಗೋ ವಹಿಸಬಹುದು. ಹೊಸ ಪಾಠ ಮಾತ್ರ ಸಂಜೆಗೆ ಬೇಡ, ಆಗ ಎರಡೂ ಕಡೆಯವರಿಗೆ ಸುಸ್ತು. ಉಳಿದದ್ದು 150 ನಿಮಿಷ, ಇಂಗ್ಲಿಷ್‌ ದಿನ 145. ಈಗ 160ರೊಳಗೆ ಬಂತು, ಹತ್ತು ನಿಮಿಷ ಮಿಕ್ಕಿತು. ಆ ಹತ್ತನ್ನು ಯಾವ ಪಾಠದಿಂದಲೂ ತುಂಬಬೇಡಿ.

ದಿನ ಹೀಗೆ ಸಾಗುತ್ತದೆ

9.30–10.05: ಮೂವರೂ ಒಟ್ಟಿಗೆ.
10.05–10.35: ಚಿಕ್ಕವನ ಅಕ್ಷರ, ಅಂಕಿ. ದೊಡ್ಡವಳು ಗಣಿತದ ಅಧ್ಯಾಯ ತಾನೇ ಓದಿ ಬಾರದ್ದಕ್ಕೆ ಪೆನ್ಸಿಲ್‌ ಗುರುತು ಹಾಕುತ್ತಾಳೆ. ನಡುವಿನವನು ಕಾಪಿ ಬರೆಯುತ್ತಾನೆ.
10.35–11.05: ನಡುವಿನವನ ಗಣಿತ.
11.05–11.25: ತಿಂಡಿ.
11.25–11.55: ದೊಡ್ಡವಳ ಗಣಿತ, ಗುರುತು ಹಾಕಿದ್ದರಿಂದಲೇ ಶುರು. ನಡುವಿನವನು ಆಗಷ್ಟೇ ಕಲಿತ ಲೆಕ್ಕದ ಅಭ್ಯಾಸ ಮಾಡುತ್ತಾನೆ.
11.55–12.20: ನಡುವಿನವನ ಕನ್ನಡ ಅಥವಾ ಇಂಗ್ಲಿಷ್‌.
12.20–12.30: ಖಾಲಿ.

ಒಂಟಿ ಪಾಠಗಳಲ್ಲಿ ಚಿಕ್ಕವನನ್ನು ಮೊದಲು ಹಾಕಿರುವುದಕ್ಕೆ ಕಾರಣವಿದೆ. ಅವನ ಪಾಲು ಅವನಿಗೆ ಸಿಗುವವರೆಗೆ ಅವನು ಯಾರನ್ನೂ ಕೂರಲು ಬಿಡುವುದಿಲ್ಲ. ದೊಡ್ಡವಳಿಗೆ ಪರೀಕ್ಷೆ ಹತ್ತಿರ ಬಂತೆಂದು ಅವಳನ್ನು ಮುಂದೆ ಹಾಕಿದರೆ, ಹತ್ತು ನಿಮಿಷಕ್ಕೊಮ್ಮೆ ನೀರು, ಉಚ್ಚೆ, ಜಗಳ ಎಂದು ಆ ಅರ್ಧ ಗಂಟೆ ಕಾಲು ಗಂಟೆಗೆ ಇಳಿಯುತ್ತದೆ.

10.35ರ ನಂತರ ಚಿಕ್ಕವನಿಗೆ ಒಂದು ಡಬ್ಬಿ ಬೇಕು. ಒಳಗೆ ಎಣಿಸಲು ಹುಣಸೆ ಬೀಜ, ಜೇಡಿಮಣ್ಣು, ಸೀಮೆಸುಣ್ಣ, ಹಳೆಯ ಕ್ಯಾಲೆಂಡರ್‌ ಮತ್ತು ಮೊಂಡು ಕತ್ತರಿ. ಈ ಡಬ್ಬಿ ಪಾಠದ ಹೊತ್ತಿನಲ್ಲಿ ಮಾತ್ರ ತೆರೆಯಬೇಕು. ಇಡೀ ದಿನ ಕೈಗೆ ಸಿಕ್ಕರೆ ಎರಡೇ ದಿನಕ್ಕೆ ಬೇಸರ. ಪಾಠದ ಮಧ್ಯೆ ಬಿಡುವಾದ ಅಣ್ಣನೋ ಅಕ್ಕನೋ ಅವನ ಜೊತೆ ಅಳಗುಳಿಮಣೆ ಆಡಬಹುದು, ಎಣಿಕೆಗೆ ಅದಕ್ಕಿಂತ ಒಳ್ಳೆಯ ಪಾಠವಿಲ್ಲ. ಆದರೆ 15–20 ನಿಮಿಷ ಮೀರಬಾರದು. ಮೀರಿದರೆ ದೊಡ್ಡ ಮಗುವಿನ ಓದು ತಮ್ಮನನ್ನು ನೋಡಿಕೊಳ್ಳುವ ಕೆಲಸವಾಗಿ ಬದಲಾಗುತ್ತದೆ. ಹೆಣ್ಣುಮಕ್ಕಳಿರುವ ಮನೆಯಲ್ಲಿ ಇದು ಬೇಗ ಆಗಿಬಿಡುತ್ತದೆ.

ಮನೆಯಲ್ಲಿ ಒಂದೇ ಮೊಬೈಲ್‌ ಇದ್ದರೆ ವಿಡಿಯೊ ನೋಡುವ ಸಮಯವನ್ನೂ ಪಟ್ಟಿಯಲ್ಲಿ ಬರೆಯಿರಿ.

ತಾರೀಖು ಬೇಡ, ನಂಬರ್‌ ಸಾಕು

ಮಕ್ಕಳ ನೋಟ್‌ಬುಕ್ಕಿನಲ್ಲಿ ‘ಜುಲೈ 14: ಭಿನ್ನರಾಶಿ’ ಎಂದು ಬರೆಯಬೇಡಿ. ‘ಪಾಠ 23: ಭಿನ್ನರಾಶಿ’ ಎಂದು ಬರೆಯಿರಿ. ಮೂವರು ಮಕ್ಕಳಿರುವ ಮನೆಯಲ್ಲಿ ಜ್ವರ ಒಬ್ಬರನ್ನು ಬಿಟ್ಟು ಇನ್ನೊಬ್ಬರಿಗೆ ಸುತ್ತುತ್ತದೆ. ತಾರೀಖು ಹಾಕಿದರೆ ಒಂದು ವಾರದ ಜ್ವರಕ್ಕೆ ಇಡೀ ವರ್ಷದ ಪಟ್ಟಿ ತಿದ್ದಬೇಕು. ನಂಬರ್‌ ಹಾಕಿದರೆ ಬಿಟ್ಟಲ್ಲಿಂದ ಹಿಡಿದರಾಯಿತು. ನಲಿ-ಕಲಿಯ ಕಲಿಕಾ ಏಣಿ ಕೆಲಸ ಮಾಡುವುದೂ ಹೀಗೆಯೇ: ವಾರ ರಜೆ ಹಾಕಿದ ಮಗು ಬಂದಾಗ ತಾನಿದ್ದ ಮೆಟ್ಟಿಲಿನಿಂದಲೇ ಮುಂದುವರಿಯುತ್ತದೆ.

ಇವತ್ತು ತಪ್ಪಿದ್ದನ್ನು ನಾಳೆಗೆ ಪೇರಿಸಬೇಡಿ. ಶನಿವಾರ ಬೆಳಿಗ್ಗೆ ಒಂದು ಗಂಟೆ ಬಾಕಿಗೆಂದೇ ಇಡಿ. ಅಲ್ಲೂ ಮುಗಿಯದಷ್ಟು ಬಾಕಿ ಸತತ ಮೂರು ವಾರ ಉಳಿದರೆ ತಪ್ಪು ಮಗುವಿನದಲ್ಲ, ಪಟ್ಟಿಯದು. ಒಂದು ವಿಷಯ ಇಳಿಸಿ.

ವರ್ಷದ ಅಳತೆ

ಎಷ್ಟು ದಿನ ಓದಿಸಿದರೆ ಸಾಕು ಎಂಬ ಗೊಂದಲಕ್ಕೆ ಶಿಕ್ಷಣ ಹಕ್ಕು ಕಾಯ್ದೆಯ ಅಳತೆಯನ್ನು ಎರವಲು ಪಡೆಯಬಹುದು. ಶಾಲೆಗಳಿಗೆ ಅದು ಹೇಳುವುದು 1ರಿಂದ 5ನೇ ತರಗತಿಗೆ 200 ದಿನ, 800 ಗಂಟೆ. 6ರಿಂದ 8ಕ್ಕೆ 220 ದಿನ, 1,000 ಗಂಟೆ. ವಾರಕ್ಕೆ ಐದು ದಿನದಂತೆ 40 ವಾರ ನಡೆಸಿದರೆ 200 ದಿನ ಮುಗಿಯಿತು, ದೊಡ್ಡವಳಿಗೆ ಇನ್ನು ನಾಲ್ಕು ವಾರ. ದಸರಾ, ಬೇಸಿಗೆ, ಊರ ಜಾತ್ರೆ, ಮದುವೆಗೆಲ್ಲ ಉಳಿದದ್ದರಲ್ಲಿ ಜಾಗವಿದೆ. ಗಂಟೆಯ ಲೆಕ್ಕಕ್ಕೆ ಅಷ್ಟು ತಲೆಕೆಡಿಸಿಕೊಳ್ಳಬೇಡಿ. ಅದು 30 ಮಕ್ಕಳ ಕೋಣೆಗೆ ಹಾಕಿದ ಗಂಟೆ, ಪಕ್ಕದಲ್ಲಿ ಕೂತು ಹೇಳಿಕೊಡುವ ಅರ್ಧ ಗಂಟೆಯ ತೂಕ ಬೇರೆ.

ಪರೀಕ್ಷೆ ಎದುರಿಗಿರುವುದು ದೊಡ್ಡವಳಿಗೆ ಮಾತ್ರ. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆಯ (ಎನ್‌ಐಒಎಸ್‌) ಮೂಲಕ 10ನೇ ತರಗತಿ ಕಟ್ಟಲು 14 ವರ್ಷ ತುಂಬಿರಬೇಕು. ಕನಿಷ್ಠ ಐದು ವಿಷಯ ಪಾಸಾಗಬೇಕು. ಸಾರ್ವಜನಿಕ ಪರೀಕ್ಷೆ ವರ್ಷಕ್ಕೆ ಎರಡು ಸಲ, ಏಪ್ರಿಲ್‌–ಮೇ ಮತ್ತು ಅಕ್ಟೋಬರ್‌–ನವೆಂಬರ್‌. ಐದನ್ನೂ ಒಂದೇ ಸಲ ಬರೆಯಬೇಕೆಂದಿಲ್ಲ. ಹಲವು ಮಕ್ಕಳಿರುವ ಮನೆಗೆ ಇದೇ ದೊಡ್ಡ ಅನುಕೂಲ: ಎರಡು ವಿಷಯ ಅಕ್ಟೋಬರ್‌ಗೆ, ಮೂರು ಏಪ್ರಿಲ್‌ಗೆ ಎಂದು ಒಡೆದರೆ ಪರೀಕ್ಷೆಯ ತಿಂಗಳಲ್ಲೂ ತಮ್ಮಂದಿರ ಪಾಲಿನ ನಿಮಿಷ ಕಿತ್ತುಕೊಳ್ಳಬೇಕಾಗುವುದಿಲ್ಲ. ಇದರ ಅಸೈನ್‌ಮೆಂಟ್‌ಗಳಿಗೂ ಅಂಕವಿದೆ. ಅವನ್ನು ಕೊನೆಯ ವಾರಕ್ಕೆ ಬಿಡದೆ ಈಗಲೇ ಯಾವುದಾದರೂ ಎರಡು ಶನಿವಾರಗಳ ಮುಂದೆ ಬರೆದುಬಿಡಿ.