ಮೊದಲ ಚುರುಟು ಮೈಲ್ಡ್ ಆಗಿರಲಿ, ಸ್ವಲ್ಪ ಸಿಹಿಯೂ ಇರಲಿ

ನನ್ನ ಮೊದಲ ಚುರುಟು ಕಿರುಬೆರಳಿನಷ್ಟೇ ದಪ್ಪ ಇತ್ತು. ಚಿಕ್ಕದಲ್ವಾ, ಮೈಲ್ಡ್ ಇರುತ್ತದೆ ಅಂದುಕೊಂಡಿದ್ದೆ. ಊಟ ಮಾಡಿರಲಿಲ್ಲ. ಸಿಗರೇಟಿನ ಹಾಗೆ ಒಂದರ ಹಿಂದೊಂದು ದಮ್ಮು ಎಳೆದೆ. ಹತ್ತೇ ನಿಮಿಷ. ಹಣೆಯಲ್ಲಿ ತಣ್ಣನೆ ಬೆವರು, ಬಾಯಿ ತುಂಬ ನೀರು. ಆಮೇಲಿನ ಅರ್ಧ ಗಂಟೆ ಬಚ್ಚಲುಮನೆಯ ನೆಲದ ಮೇಲೆ ಕಳೆಯಿತು.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೊಗೆ ಒಳಗೆ ಎಳೆದುಕೊಳ್ಳದಿದ್ದರೂ ಚುರುಟಿನಿಂದ ಬಾಯಿ, ಗಂಟಲು, ಅನ್ನನಾಳದ ಕ್ಯಾನ್ಸರ್ ಬರುವ ಅಪಾಯ ಇದ್ದೇ ಇದೆ. ಚಟವೂ ಹತ್ತುತ್ತದೆ. ಮೈಲ್ಡ್, ಸಿಹಿ ಅನ್ನುವುದೆಲ್ಲ ನಾಲಿಗೆಯ ಲೆಕ್ಕ ಅಷ್ಟೇ. ಸೇದದೇ ಇರುವವರು ಹಾಗೇ ಇರಿ. ಹೇಗಿದ್ದರೂ ಒಂದು ಸೇದಿ ನೋಡುತ್ತೇನೆ ಅನ್ನುವ ವಯಸ್ಕರಿಗೆ ಮಾತ್ರ ಈ ಬರಹ.

ಮೊದಲು, ಎಂಥ ಸಿಹಿ ಬೇಕು ಅಂತ ತೀರ್ಮಾನಿಸಿ

ಚುರುಟಿನ ಸಿಹಿಯಲ್ಲಿ ಎರಡು ಬಗೆ. ಒಂದು, ಮೇಲಿಂದ ಹಚ್ಚಿದ್ದು. ಬಾಯಿಗಿಡುವ ತುದಿಗೆ ಸಿಹಿ ಸವರಿರುತ್ತಾರೆ, ತುಟಿ ತಾಕಿದ ಕೂಡಲೇ ಗೊತ್ತಾಗುತ್ತದೆ. ಹೊಂಡುರಾಸ್‌ನ ಬ್ಯಾಕರಾ ಬ್ರ್ಯಾಂಡ್ ಈ ಜಾತಿಯದು, ಒಳಗೂ ಮೈಲ್ಡ್. ಕೆಲವರು ಹೊಗೆಸೊಪ್ಪಿಗೇ ಪರಿಮಳ ಹಿಡಿಸುತ್ತಾರೆ. ನಿಕರಾಗುವಾದಲ್ಲಿ ತಯಾರಾಗುವ ಆ್ಯಸಿಡ್ ಅನ್ನುವ ಬ್ರ್ಯಾಂಡ್ ಅಂಥದ್ದು. ಪೆಟ್ಟಿಗೆ ತೆರೆದರೆ ಊದುಬತ್ತಿ ಅಂಗಡಿಗೆ ಹೊಕ್ಕ ಹಾಗಾಗುತ್ತದೆ. ಕೆಲವರಿಗೆ ಅದೇ ಇಷ್ಟ, ನನಗೆ ತಲೆನೋವು.

ಇನ್ನೊಂದು, ಎಲೆಯದೇ ಸಿಹಿ. ಇದು ಸಕ್ಕರೆಯಂತೆ ಇರುವುದಿಲ್ಲ. ಕೆನೆ, ಹುರಿದ ಬೀಜ, ಕೋಕೋ, ಹಾಲು ಹಾಕಿದ ಕಾಫಿ, ಇವುಗಳ ನೆನಪು ತರುತ್ತದೆ. ಮಿಠಾಯಿಯಂಥ ಸಿಹಿ ನಿರೀಕ್ಷಿಸಿದರೆ ಬೇಜಾರಾಗುತ್ತದೆ. ನಾಲ್ಕಾರು ದಮ್ಮು ಆದಮೇಲೆ ನಾಲಿಗೆಗೆ ಹತ್ತುವ ಸಿಹಿ ಇದು.

ಬಣ್ಣ ನೋಡಿ ಮೋಸ ಹೋಗಬೇಡಿ

ಕಪ್ಪಗಿದ್ದರೆ ಸ್ಟ್ರಾಂಗ್, ತಿಳಿ ಇದ್ದರೆ ಮೈಲ್ಡ್ ಅನ್ನುತ್ತಾರೆ. ಅರ್ಧ ಸುಳ್ಳು. ನಮ್ಮ ಕಣ್ಣಿಗೆ ಬೀಳುವುದು ಹೊರಗೆ ಸುತ್ತಿದ ಒಂದೇ ಒಂದು ಎಲೆ, ಅಂದರೆ ರ‍್ಯಾಪರ್. ಅದರ ಕೆಳಗೆ ಒಳಗಿನದನ್ನು ಕಟ್ಟಿಹಿಡಿಯುವ ಎಲೆ, ಅಂದರೆ ಬೈಂಡರ್. ಅದರೊಳಗೆ ತುಂಬಿದ ಎಲೆಗಳು, ಅಂದರೆ ಫಿಲ್ಲರ್. ಖಾರ ಹೆಚ್ಚಾಗಿ ಫಿಲ್ಲರಿನಿಂದ ಬರುತ್ತದೆ. ಗಿಡದ ತುದಿಯ ಎಲೆಗೆ ಬಿಸಿಲು ಜಾಸ್ತಿ, ಹಾಗಾಗಿ ದಪ್ಪ, ಘಾಟು. ಇದಕ್ಕೆ ಲಿಗೇರೊ ಅಂತ ಹೆಸರು. ನಡುವಿನದು ಸೆಕೊ, ಕೆಳಗಿನದು ವೊಲಾಡೊ. ಇವೆರಡೂ ಸೌಮ್ಯ. ಆದ್ದರಿಂದ ಅಂಗಡಿಯವರನ್ನು ಕೇಳಬೇಕಾದ ಪ್ರಶ್ನೆ ಒಂದೇ: ಒಳಗೆ ಲಿಗೇರೊ ಎಷ್ಟಿದೆ?

ಕಪ್ಪು ಮಡೂರೊ ಎಲೆಯನ್ನು ರಾಶಿ ಹಾಕಿ, ಅದರದೇ ಕಾವಿನಲ್ಲಿ ಹೆಚ್ಚು ಕಾಲ ಹುದುಗಿಸಿರುತ್ತಾರೆ. ಅದಕ್ಕೇ ಆ ಬಣ್ಣ, ಆ ಸಿಹಿ. ಒಳಗೆ ಸೌಮ್ಯ ಎಲೆ ಇದ್ದರೆ ಮಡೂರೊ ಕೂಡ ಹೊಸಬರಿಗೆ ಒಗ್ಗುತ್ತದೆ. ತಿಳಿ ಚಿನ್ನದ ಬಣ್ಣದ ಕನೆಕ್ಟಿಕಟ್ ಶೇಡ್ ಎಲೆಯ ಕತೆಯೇ ಬೇರೆ. ಅಮೆರಿಕದಲ್ಲಿ ಅದನ್ನು ಬಟ್ಟೆಯ ಚಪ್ಪರ ಹಾಕಿ, ನೆರಳಿನಲ್ಲಿ ಬೆಳೆಸುತ್ತಾರೆ. ಈಕ್ವೆಡಾರ್‌ನಲ್ಲಿ ಚಪ್ಪರವೇ ಬೇಡ, ಮೋಡ ಆ ಕೆಲಸ ಮಾಡುತ್ತದೆ. ಡೊಮಿನಿಕನ್ ರಿಪಬ್ಲಿಕ್‌ನ ಮಕನೂಡೊ ಕೆಫೆ ಈ ಎಲೆ ಸುತ್ತಿದ ಚುರುಟು. ನನ್ನನ್ನು ಕೇಳಿದರೆ ಮೊದಲನೆಯದಕ್ಕೆ ಇದೇ ಸರಿ.

ಅಳತೆ

ದಪ್ಪವನ್ನು ಇಂಚಿನ 64ನೇ ಭಾಗಗಳಲ್ಲಿ ಹೇಳುತ್ತಾರೆ. 50 ಅಂದರೆ ಸುಮಾರು 20 ಮಿಲಿಮೀಟರ್. ತೀರಾ ತೆಳ್ಳಗಿನದು ಬೇಗ ಕಾದು ಕಹಿಯಾಗುತ್ತದೆ. ನನಗಾದದ್ದು ಅದೇ. 44ರಿಂದ 50ರ ದಪ್ಪ, 5 ಇಂಚಿನ ಆಸುಪಾಸು ಉದ್ದ ಇದ್ದರೆ ಸಾಕು. ಕೊಳ್ಳುವಾಗ ಎರಡು ಬೆರಳಲ್ಲಿ ಮೆಲ್ಲಗೆ ಒತ್ತಿ ನೋಡಿ. ಸ್ವಲ್ಪ ತಗ್ಗಿ ಮತ್ತೆ ಉಬ್ಬಬೇಕು. ಚರಚರ ಅಂದರೆ ಒಣಗಿದೆ ಅಂತ ಅರ್ಥ. ಒಳಗೆ ಗಂಟು ಸಿಕ್ಕಿದರೆ ಹೊಗೆ ಸಲೀಸಾಗಿ ಬರುವುದಿಲ್ಲ. ಎರಡನ್ನೂ ಬಿಡಿ.

ಕತ್ತರಿಸಿ, ಹಚ್ಚಿ, ನಿಧಾನಿಸಿ

ಮೊದಲು ಹೊಟ್ಟೆಗೆ ಏನಾದರೂ ಹಾಕಿಕೊಳ್ಳಿ. ಬಾಯಿಗಿಡುವ ತುದಿಯಲ್ಲಿ ಪುಟ್ಟ ಟೊಪ್ಪಿಗೆಯಂತೆ ಎಲೆಯ ಚೂರು ಅಂಟಿಸಿರುತ್ತಾರೆ. ಅದರಲ್ಲಿ 2 ಮಿಲಿಮೀಟರ್ ಮಾತ್ರ ಕತ್ತರಿಸಿ. ಟೊಪ್ಪಿಗೆ ಪೂರ್ತಿ ಹೋದರೆ ರ‍್ಯಾಪರ್ ಬಿಚ್ಚಿಕೊಳ್ಳುತ್ತದೆ. ಪೆಟ್ರೋಲ್ ಲೈಟರ್ ಬೇಡ, ವಾಸನೆ ಎಲೆಗೆ ಹಿಡಿಯುತ್ತದೆ. ಬೆಂಕಿಕಡ್ಡಿಯಾದರೆ ಮದ್ದು ಉರಿದು ಮುಗಿಯಲಿ. ಇನ್ನೊಂದು ತುದಿಯನ್ನು ಜ್ವಾಲೆಗೆ ತಾಕಿಸದೆ, ಸ್ವಲ್ಪ ಮೇಲೆ ಹಿಡಿದು ತಿರುಗಿಸಿ. ಅಂಚು ಸುತ್ತಲೂ ಕೆಂಪಾದ ಮೇಲೆ ಮೊದಲ ದಮ್ಮು.

ಇನ್ನು ಮುಖ್ಯ ಸಂಗತಿ. ನಿಮಿಷಕ್ಕೆ ಒಂದೇ ದಮ್ಮು. ಹೊಗೆ ಬಾಯಲ್ಲೇ ಇರಲಿ, ಎದೆಗೆ ಇಳಿಸಬೇಡಿ. ಚುರುಟಿನ ನಿಕೋಟಿನ್ ಬಾಯಿಯ ಒಳಚರ್ಮದಿಂದಲೇ ರಕ್ತಕ್ಕೆ ಸೇರುತ್ತದೆ. ಅವಸರಪಟ್ಟರೆ ಎಂಥ ಸಿಹಿ ಎಲೆಯೂ ಸುಟ್ಟ ಕಾಗದದ ರುಚಿ ಕೊಡುತ್ತದೆ. ಬೂದಿಯನ್ನು ಪದೇ ಪದೇ ಕೊಡವಬೇಡಿ, ಅರ್ಧ ಇಂಚಿನಷ್ಟು ನಿಲ್ಲಲಿ. ಪಕ್ಕದಲ್ಲಿ ನೀರು ಇರಲಿ. ತಲೆ ತಿರುಗಿದರೆ, ಬೆವರಿದರೆ, ಅಲ್ಲಿಗೇ ಕೆಳಗಿಟ್ಟು ಗಾಳಿಗೆ ಹೋಗಿ ಕೂರಿ. ಒಂದು ಚಮಚ ಸಕ್ಕರೆ ಬಾಯಿಗೆ ಹಾಕಿಕೊಂಡರೆ ಕೆಲವರಿಗೆ ಹಿತವಾಗುತ್ತದೆ.

ಕೊನೆಯ ಮೂರನೇ ಒಂದು ಭಾಗ ಯಾವಾಗಲೂ ಖಾರ. ದುಡ್ಡು ಕೊಟ್ಟಿದ್ದೀನಲ್ಲ ಅಂತ ಅದನ್ನೂ ಮುಗಿಸಲು ಹೋಗಬೇಡಿ. ಸಿಗರೇಟಿನಂತೆ ಹೊಸಕಲೂ ಬೇಡ, ನಾತ ಹೊಡೆಯುತ್ತದೆ. ಬೂದಿ ತಟ್ಟೆಯಲ್ಲಿ ಸುಮ್ನೆ ಇಟ್ಟರೆ ತಾನೇ ಆರುತ್ತದೆ. ಅದಕ್ಕೆ ಮುಂಚೆ, ಚುರುಟಿಗೆ ಸುತ್ತಿದ ಕಾಗದದ ಬ್ಯಾಂಡನ್ನು ಮೆಲ್ಲಗೆ ಬಿಡಿಸಿಕೊಂಡು, ಹಿಂದೆ ಎರಡು ಪದ ಬರೆದಿಟ್ಟುಕೊಳ್ಳಿ: ಸಿಹಿ ತುಟಿಯಲ್ಲೋ, ಎಲೆಯಲ್ಲೋ. ಮತ್ತೊಂದು ಕೊಳ್ಳುವ ದಿನ ಬಂದರೆ ಅಂಗಡಿಯಲ್ಲಿ ಆ ಬ್ಯಾಂಡ್ ತೋರಿಸಿದರೆ ಸಾಕು.