ಒಂದೇ ಸಿ ಕೋಡು, ನಾಲ್ಕು ಬೋರ್ಡು: ಡಿಸ್‌ಪ್ಲೇ ಡ್ರೈವರ್ ಬರೆದ ನನ್ನ ಅನುಭವ

ಬೋರ್ಡು ಬದಲಾದರೆ ಡ್ರೈವರನ್ನೂ (ಪರದೆಯನ್ನು ನಡೆಸುವ ಕೋಡನ್ನು) ಹೊಸದಾಗಿ ಬರೆಯಬೇಕು, ಬೇರೆ ದಾರಿಯಿಲ್ಲ ಎಂದು ನನಗೆ ಬುದ್ಧಿ ಹೇಳದವರೇ ಇಲ್ಲ. ಈಗ ಪೀಣ್ಯದ ಒಂದು ಕಾರ್ಖಾನೆಯ ಯಂತ್ರಗಳಲ್ಲಿ, ರಾಸ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ, ನನ್ನ ಲ್ಯಾಪ್‌ಟಾಪಿನ ವಿಂಡೋಸ್ ಮತ್ತು ಲಿನಕ್ಸ್ ಎರಡರಲ್ಲೂ ಅದೇ ಮೂರು ಸಾವಿರ ಚಿಲ್ಲರೆ ಸಾಲುಗಳು ಓಡುತ್ತಿವೆ. ಎಲ್ಲ ಬೋರ್ಡುಗಳಿಗೂ ಒಂದೇ ಆಗಿರುವ ತಿರುಳಿನ ಕಡತಗಳಲ್ಲಿ, ‘ಈ ಬೋರ್ಡಾದರೆ ಈ ಸಾಲು’ ಎನ್ನುವ ಇಫ್‌ಡೆಫ್ ಒಂದೇ ಒಂದೂ ಇಲ್ಲ. ಹಾಗಾಗಿ ಸ್ವಲ್ಪ ಬೀಗುತ್ತಲೇ ಬರೆಯುತ್ತಿದ್ದೇನೆ.

ಕೆಲಸ ದೊಡ್ಡದೇನಲ್ಲ. ಯಂತ್ರದ ಫಲಕದಲ್ಲಿ 320 ಗುಣಿಸು 240ರ ಪುಟ್ಟ ಪರದೆ, ಒಳಗೆ ಅದನ್ನು ನಡೆಸುವ ಐಎಲ್‌ಐ9341 ಕಂಟ್ರೋಲರ್, ಹಿಂದಿನ ಬೋರ್ಡಿನಲ್ಲಿ ಎಸ್‌ಟಿಎಂ32ಎಫ್103 ಎಂಬ ಪುಟ್ಟ ಪ್ರೊಸೆಸರ್ ಚಿಪ್. ಬೆಂಗಳೂರಿನ ಎಸ್.ಪಿ. ರಸ್ತೆಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಲ್ಲಿ ಆ ಪರದೆಗೆ ಆಗ ಆರೇಳು ನೂರು ರೂಪಾಯಿ, ಬೋರ್ಡಿಗೆ ಇನ್ನೂರರ ಮೇಲೆ ಸ್ವಲ್ಪ. ಮೂರು ಬೋರ್ಡುಗಳಿಗೆ ಮೂರು ಡ್ರೈವರ್ ಎಂದು ಬೇರೊಬ್ಬರು ಲಕ್ಷ ದಾಟಿಸಿ ದರ ಕೊಟ್ಟಿದ್ದರು. ನಾನು ಅದರ ಅರ್ಧಕ್ಕಿಂತ ಕಡಿಮೆಗೆ ಒಪ್ಪಿಕೊಂಡೆ. ನಷ್ಟವಾಗುತ್ತದೆ ಎಂದು ಸ್ನೇಹಿತರು ನಕ್ಕರು. ಮೊದಲ ಎರಡು ತಿಂಗಳು ಅವರ ಮಾತೇ ನಿಜವಾಗಿತ್ತು.

ಚಿಪ್‌ನಲ್ಲಿರುವುದು 20 ಕಿಲೋಬೈಟ್ ರ‍್ಯಾಮ್. ಪಿಕ್ಸೆಲ್‌ಗೆ ಎರಡು ಬೈಟಿನಂತೆ ಒಂದು ಪೂರ್ತಿ ಚಿತ್ರಕ್ಕೆ ಬೇಕಾದದ್ದು 1,53,600 ಬೈಟ್. ಆದ್ದರಿಂದ ಹದಿನಾರು ಸಾಲುಗಳ ಪಟ್ಟಿಯೊಂದನ್ನು ಮಾತ್ರ ರ‍್ಯಾಮ್‌ನಲ್ಲಿ ಬರೆದು ಕಳುಹಿಸುತ್ತೇನೆ. ಅದಕ್ಕೇ ಹತ್ತು ಕಿಲೋಬೈಟ್ ಹೋಗುತ್ತದೆ. ಚಿಪ್‌ನಿಂದ ಪರದೆಗೆ ದತ್ತಾಂಶ ಒಯ್ಯುವ ಎಸ್‌ಪಿಐ ಕೊಂಡಿ 18 ಮೆಗಾಹರ್ಟ್ಸ್‌ನಲ್ಲಿ ಓಡಿದರೂ ಇಡೀ ಪರದೆ ತುಂಬಲು 68 ಮಿಲಿಸೆಕೆಂಡ್ ಬೇಕು, ಹೀಗಾಗಿ ಬದಲಾದ ಚೌಕಗಳನ್ನಷ್ಟೇ ಕಳುಹಿಸುವುದು. ಆಯಾ ಬೋರ್ಡಿಗೆ ಅಂಟಿದ ಕೆಲಸಕ್ಕೆಲ್ಲ ಐದೇ ಫಂಕ್ಷನ್ ಪಾಯಿಂಟರ್‌ಗಳು (ಯಾವ ಫಂಕ್ಷನ್ ಕರೆಯಬೇಕೆಂದು ಹೇಳುವ ವಿಳಾಸಗಳು): ಆದೇಶ, ದತ್ತಾಂಶ, ರೀಸೆಟ್, ವಿಳಂಬ, ಕಾಯುವಿಕೆ. ಮೊದಲು ಪಿಕ್ಸೆಲ್‌ಗೊಂದರಂತೆ ಕರೆ ಹೋಗುತ್ತಿತ್ತು, ಪರದೆ ತೆವಳುತ್ತಿತ್ತು. ಪಟ್ಟಿಗೊಂದು ಕರೆ ಎಂದು ಮಾಡಿದ ಮೇಲೆ ಪಾಯಿಂಟರಿನ ಖರ್ಚು ಲೆಕ್ಕಕ್ಕೇ ಬರಲಿಲ್ಲ.

ಬಣ್ಣದ ಗೋಳು ಮಾತ್ರ ವಿವರವಾಗಿ ಹೇಳಬೇಕಾದದ್ದು. ಕೆಂಪು ಕೊಟ್ಟರೆ ನೀಲಿ ಬರುತ್ತದೆ. ಎಲ್ಲರೂ ಕೂಡಲೇ ಕಂಟ್ರೋಲರಿನ ಹೆಕ್ಸ್ 36ರ ರಿಜಿಸ್ಟರಿನಲ್ಲಿ ಕೆಂಪು-ನೀಲಿಯ ಕ್ರಮ ಬದಲಿಸುವ ಬಿಜಿಆರ್ ಬಿಟ್ ತಿರುಗಿಸುತ್ತಾರೆ, ಕೆಂಪು ಹೆಚ್ಚುಕಡಿಮೆ ಸರಿಯಾದಂತೆ ಕಾಣುತ್ತದೆ, ಬಿಲ್ ಕಳುಹಿಸುತ್ತಾರೆ. ಆದರೆ ಬೈಟುಗಳು ಅದಲುಬದಲಾದರೂ ಇದೇ ಲಕ್ಷಣ: ಕೆಂಪಿನ 16 ಬಿಟ್ ಹೆಕ್ಸ್ ಸಂಖ್ಯೆ ಎಫ್800 ತಿರುಗಿ 00ಎಫ್8 ಆದರೆ ನೀಲಿಯೇ ಬರುತ್ತದೆ. ಹಾಗಾಗಿ ನಾನು ಮೊದಲು ಬಳಿಯುವುದು ಹಸಿರು. ಬಿಜಿಆರ್ ತಪ್ಪಿದ್ದರೆ ಹಸಿರು ಹಸಿರಾಗಿಯೇ ಉಳಿಯುತ್ತದೆ. ಬೈಟು ತಿರುಗಿದ್ದರೆ ಹಸಿರಿನ 07ಇ0 ಹೋಗಿ ಇ007 ಆಗಿ ಕೆಂಪು ತೋರುತ್ತದೆ. ತಂತಿಯಲ್ಲಿ ಹೋಗುವ ಬಿಟ್‌ಗಳನ್ನು ತೋರಿಸುವ ಲಾಜಿಕ್ ಅನಲೈಸರ್ ಹೇಳುವುದನ್ನು ಈ ಒಂದು ಬಣ್ಣ ಪುಕ್ಕಟೆಯಾಗಿ ಹೇಳುತ್ತದೆ. ಈಗ ತಿರುಳಿನಲ್ಲಿ 16 ಬಿಟ್ ಸಂಖ್ಯೆಯನ್ನು ಹಾಗೇ ಹೊರಗೆ ಬಿಡುವುದಿಲ್ಲ; ಶಿಫ್ಟ್ ಮಾಡಿ ಮೇಲಿನ ಬೈಟು ಮೊದಲು, ಕೆಳಗಿನದು ನಂತರ ಎಂದು ಬಫರಿಗೆ ಬರೆಯುತ್ತೇನೆ. ಪ್ರೊಸೆಸರ್ ಯಾವ ಎಂಡಿಯನ್ (ಬೈಟುಗಳನ್ನು ಇಡುವ ಕ್ರಮ) ಆದರೂ ಕೋಡಿಗೆ ಚಿಂತೆಯಿಲ್ಲ. ಇದೇ ಕಾರಣಕ್ಕೆ ರಿಜಿಸ್ಟರುಗಳಿಗೆ ಬಿಟ್‌ಫೀಲ್ಡ್ (ಬಿಟ್‌ಗಳಿಗೆ ಹೆಸರಿಟ್ಟು ಬಳಸುವ ಸಿ ಸೌಲಭ್ಯ) ಕೂಡ ಬೇಡ. ಅದರ ಕ್ರಮವನ್ನು ಸಿ ಮಾನಕವು ಕೋಡನ್ನು ಯಂತ್ರಭಾಷೆಗೆ ತಿರುಗಿಸುವ ಕಂಪೈಲರಿಗೇ ಬಿಟ್ಟಿದೆ.

ಫಾಂಟ್ ಪಟ್ಟಿಯ ಕೊನೆಗೆ ಮೈನಸ್ ಒಂದು ಇಟ್ಟಿದ್ದ ಹಳೆಯ ಕೋಡೊಂದು ಲ್ಯಾಪ್‌ಟಾಪಿನಲ್ಲಿ ಸೊಗಸಾಗಿ ಓಡಿ, ಬೋರ್ಡಿನಲ್ಲಿ ನಿಲ್ಲದೆ ಸುತ್ತುತ್ತಿತ್ತು. ಬೋರ್ಡಿನ ಆರ್ಮ್ ಪ್ರೊಸೆಸರಿಗೆ ಬಳಸುವ ಜಿಸಿಸಿ ಕಂಪೈಲರಿನಲ್ಲಿ, ಒಂದು ಬೈಟಿನ ಬರಿಯ ಚಾರ್ ಎಂದರೆ ಅನ್‌ಸೈನ್ಡ್, ಋಣ ಸಂಖ್ಯೆ ಹಿಡಿಯದು. ಮೈನಸ್ ಒಂದು ಅಲ್ಲಿ 255 ಆಗಿ ಕೂತಿತ್ತು. ಹಾಗೆಯೇ ಲಾಂಗ್ ಎಂಬ ಪೂರ್ಣಾಂಕ ವಿಂಡೋಸ್‌ನಲ್ಲಿ 32 ಬಿಟ್, 64 ಬಿಟ್ ಲಿನಕ್ಸ್‌ನಲ್ಲಿ 64. ಇದು ನಿಮಗೆ ಗೊತ್ತಿರುವುದೇ, ಮುಂದೆ ಹೋಗೋಣ.

ಗ್ರಾಹಕರ ಹಳೆಯ 32 ಬಿಟ್ ಲಿನಕ್ಸ್ ಪಿಸಿಯಿಂದ ಆರ್ಮ್ ಬೋರ್ಡಿಗೆ ಬರುವ ಆದೇಶದ ಸ್ಟ್ರಕ್ಟ್ (ಹಲವು ಮೌಲ್ಯಗಳ ಒಂದು ಕಟ್ಟು) ಇನ್ನೊಂದು ತಲೆನೋವು. 32 ಬಿಟ್‌ನ ಒಂದು ಸದಸ್ಯ, ಬಳಿಕ 64 ಬಿಟ್‌ನದೊಂದು: ಆ ಪಿಸಿಯಲ್ಲಿ 12 ಬೈಟ್, ಆರ್ಮ್‌ನಲ್ಲಿ 16. ಈಗ ದೊಡ್ಡ ಸದಸ್ಯರು ಮೊದಲು, ಖಾಲಿ ಜಾಗಕ್ಕೂ ಹೆಸರು, ಕೊನೆಯಲ್ಲಿ ಅಳತೆ ಪರೀಕ್ಷಿಸಲು ಸಿ11 ಮಾನಕದ ಸ್ಟ್ಯಾಟಿಕ್ ಅಸರ್ಟ್. ಅಳತೆ ತಪ್ಪಿದರೆ ಕಂಪೈಲೇ ಆಗುವುದಿಲ್ಲ. ಎಫ್‌ಪಿಜಿಎ (ಒಳಗಿನ ಸರ್ಕ್ಯೂಟನ್ನು ನಾವೇ ರೂಪಿಸಬಹುದಾದ ಚಿಪ್) ಇರುವ ಆರ್ಮ್ ಬೋರ್ಡಿನಲ್ಲಿ, ಬೈಟುಗಳನ್ನು ನಕಲಿಸುವ ಮೆಮ್‌ಕಾಪಿ ನೇರವಾಗಿ ಡಿವೈಸ್ ಸ್ಮೃತಿಗೆ ಹೋಗಿ ಬಸ್ ಎರರ್ ತಂದಿತು. ಅಲ್ಲಿ ಅಲೈನ್ ಆಗದ, ಅಂದರೆ ಅಳತೆಗೆ ಹೊಂದದ ವಿಳಾಸದಲ್ಲಿ ಶುರುವಾಗುವ ಬರಹಕ್ಕೆ ಕ್ಷಮೆಯಿಲ್ಲ. ಒಮ್ಮೆಗೆ 32 ಬಿಟ್ ಬರೆಯುವ ಸ್ವಂತ ಲೂಪ್ ಬರೆದು ಮುಗಿಸಿದೆ. ವೊಲಟೈಲ್ ಹಾಕಿದರೆ ಸಾಕು ಎನ್ನುವವರಿಗೆ ಒಂದು ಮಾತು: ಓದು-ಬರಹವನ್ನು ಬಿಟ್ಟುಬಿಡದಂತೆ ಅದು ಕಂಪೈಲರನ್ನು ಹಿಡಿಯುತ್ತದೆ, ಪ್ರೊಸೆಸರಿಲ್ಲದೆ ತಾನೇ ದತ್ತಾಂಶ ಸಾಗಿಸುವ ಡಿಎಂಎಯನ್ನಲ್ಲ. ಹಿಂದಿನ ಬರಹ ಮುಗಿಯುವವರೆಗೆ ತಡೆಯುವ ಬ್ಯಾರಿಯರ್ ಬೇಕೇ ಬೇಕು, ಅದು ಆ ಕಾಯುವಿಕೆಯ ಫಂಕ್ಷನ್ನಿನೊಳಗಿದೆ.

ಎಲ್ಲಕ್ಕಿಂತ ಹೆಚ್ಚು ಹಣ ಉಳಿಸಿದ್ದು ನಾನು ಎಂದೂ ಮಾರದ ಯಂತ್ರ. ಬೇರೆ ಪ್ರೊಸೆಸರುಗಳನ್ನು ಅನುಕರಿಸುವ ಕ್ಯೂಎಮು ತಂತ್ರಾಂಶದಲ್ಲಿ ಬಿಗ್ ಎಂಡಿಯನ್ (ಮೇಲಿನ ಬೈಟನ್ನು ಮೊದಲು ಇಡುವ) ಪವರ್‌ಪಿಸಿ ಪ್ರೊಸೆಸರ್ ಎಬ್ಬಿಸಿ, ತಿರುಳು ಬರೆದ ಪ್ರತಿ ಚಿತ್ರದ ಚೆಕ್‌ಸಮ್ಮನ್ನು (ಬೈಟುಗಳಿಂದ ತೆಗೆದ ತಾಳೆ ಸಂಖ್ಯೆಯನ್ನು) ಲ್ಯಾಪ್‌ಟಾಪಿನದಕ್ಕೆ ಹೋಲಿಸುತ್ತೇನೆ. ಖರ್ಚು ಸೊನ್ನೆ. ಪವರ್‌ಪಿಸಿ ಯಾರಿಗೆ ಬೇಕು ಎಂದು ಕೇಳಿದವರಿದ್ದಾರೆ. ಯಾರಿಗೂ ಬೇಡ, ಆದರೆ ಅಡಗಿದ್ದ ದೋಷಗಳಲ್ಲಿ ಮುಕ್ಕಾಲು ಭಾಗ ಬಯಲಾಗಿದ್ದು ಅಲ್ಲಿಯೇ.

ನಡುವೆ ಕನ್ನಡದ ಹುಚ್ಚು ಹತ್ತಿತು. ಪರದೆಯ ಮೇಲೆ ‘ನಿಲ್ಲಿಸಿ’, ‘ಉಷ್ಣತೆ’ ಎಂದು ಬರಬೇಕು. ಈ ಚಿಪ್‌ನೊಳಗೆ ಒತ್ತಕ್ಷರ ಜೋಡಿಸಲು ಜಾಗವೆಲ್ಲಿದೆ? ಲ್ಯಾಪ್‌ಟಾಪಿನಲ್ಲೇ ಅಕ್ಷರ ಜೋಡಿಸುವ ಹಾರ್ಫ್‌ಬಜ್ ತಂತ್ರಾಂಶ ಓಡಿಸಿ, ಆಕಾರಗಳನ್ನೂ ಸ್ಥಾನಗಳನ್ನೂ ಸಿ ಪಟ್ಟಿಯಾಗಿ ಮಾಡಿ ಫ್ಲ್ಯಾಶಿಗೆ ತುಂಬಿದೆ. ನೂರರಷ್ಟು ಆಕಾರಗಳು, 24 ಗುಣಿಸು 32, ಪಿಕ್ಸೆಲ್‌ಗೆ ಒಂದು ಬಿಟ್, ಹತ್ತು ಕಿಲೋಬೈಟಿನೊಳಗೆ ಮುಗಿಯಿತು. ಷ್ಣದ ಒತ್ತು ಮೊದಲ ಸಲ ಕೆಳಗಿನ ಚೌಕದೊಳಗೆ ಇಳಿದು ಅರ್ಧ ಅಳಿಸಿಹೋಗಿತ್ತು. ಸಾಲಿನ ಎತ್ತರವನ್ನು ಇಂಗ್ಲಿಷಿಗಿಂತ ಹೆಚ್ಚಿಸಿದ ಮೇಲೆ ಸರಿಹೋಯಿತು. ಕನ್ನಡ ಅಂಕಿಗಳನ್ನೂ ಹಾಕಿದ್ದೆ. ಪಾಳಿಯ ಕೆಲಸಗಾರರೇ ಅವು ಬೇಡ, ಮೀಟರಿನಲ್ಲಿರುವಂತೆಯೇ ಇರಲಿ ಎಂದರು. ತೆಗೆದೆ.

ಅಗ್ಗದ ನಕಲಿ ಪರದೆಗಳನ್ನು ಎಬ್ಬಿಸುವ ಆರಂಭದ ಕ್ರಮ, ಪರದೆಯ ವೇಳೆ ತಿಳಿಸುವ ಸಿಂಕ್ ಪಿನ್ ಇಲ್ಲದೆ ಚಿತ್ರ ನಡುವೆ ಹರಿದಂತೆ ಕಾಣದ ಹಾಗೆ ನೋಡಿಕೊಳ್ಳುವ ಉಪಾಯ, ಇವೆರಡನ್ನು ಇಲ್ಲಿ ಬರೆಯುವುದಿಲ್ಲ. ಅದು ನನ್ನ ಹೊಟ್ಟೆಪಾಡು. ಉಳಿದದ್ದೆಲ್ಲ ಮೇಲಿದೆ. ಮೊನ್ನೆ ಅದೇ ಕಾರ್ಖಾನೆಯವರು ರಿಸ್ಕ್-ಫೈವ್ ಎಂಬ ಬೇರೆ ಬಗೆಯ ಪ್ರೊಸೆಸರಿನ ಬೋರ್ಡೊಂದನ್ನು ತಂದುಕೊಟ್ಟರು. ಇನ್ನೂರು ಸಾಲಿನ ಒಂದು ಹೊಸ ಕಡತ, ತಿರುಳಿಗೆ ಕೈಯನ್ನೇ ಹಾಕಲಿಲ್ಲ, ವಾರಾಂತ್ಯದೊಳಗೆ ಹಸಿರು ಹಸಿರಾಗಿಯೇ ಬಂತು. ದರವನ್ನು ಮಾತ್ರ ಹಿಂದಿನ ಬೋರ್ಡಿನಷ್ಟೇ ಹೇಳಿದ್ದೇನೆ, ಇನ್ನೂ ಚೌಕಾಸಿ ನಡೆದಿದೆ.